ಸೋತ ಮೇಲೆ ಪಕ್ಷದ ಕಟ್ಟಾ ಬಣ ಬೆಳೆಯುತ್ತಾ, ಕರಗುತ್ತಾ? ಬ್ರಿಟನ್ನಿನ ಲೇಬರ್ ಪಕ್ಷ, 1979 ಮತ್ತು 1983

ಮತಗಟ್ಟೆ
ಯಾವುದಾದರೂ ಪಕ್ಷ ಸೋತ ಮಾರನೇ ದಿನ ಟಿವಿಯಲ್ಲಿ ಒಂದೇ ಮಾತು: "ಜನ ಅತಿರೇಕವನ್ನು ತಿರಸ್ಕರಿಸಿದ್ದಾರೆ, ಇನ್ನು ಪಕ್ಷ ಮಧ್ಯಮ ದಾರಿಗೆ ಬರುತ್ತೆ." ಲೇಬರ್ ಪಕ್ಷದ ಕಥೆ ನೋಡಿದರೆ ಈ ಮಾತು ನಿಲ್ಲೋದಿಲ್ಲ.

1979ರ ಮೇ ತಿಂಗಳಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವರ ಲೇಬರ್ ಸರ್ಕಾರ ಸೋತಿತು. 269 ಸೀಟು, 36.9% ಮತ. ಅದಾದ ಮೇಲೆ ಪಕ್ಷ ಇನ್ನಷ್ಟು ಎಡಕ್ಕೆ ವಾಲಿತು. 1983ರ ಜೂನ್‌ನಲ್ಲಿ ಮತ್ತೆ ಸೋಲು, 209 ಸೀಟು, 27.6%. ಈ ಸಲ ಟೋನಿ ಬೆನ್ ಸುತ್ತ ಇದ್ದ ಕಟ್ಟಾ ಎಡ ಬಣ ಸೊರಗೋಕೆ ಶುರುವಾಯ್ತು. ಪಕ್ಷ ಅದೇ, ಎದುರಾಳಿ ಅದೇ ಕನ್ಸರ್ವೇಟಿವ್ ಪಕ್ಷದ ಥ್ಯಾಚರ್, ನಡುವೆ ನಾಲ್ಕೇ ವರ್ಷ. ಪರಿಣಾಮ ಮಾತ್ರ ಉಲ್ಟಾ. ಯಾಕೆ?

ಪಕ್ಷದೊಳಗೆ ಯಾವ ಕೀಲಿ ಯಾರ ಕೈಯಲ್ಲಿತ್ತು ಅನ್ನೋ ಮಟ್ಟದ ವಿವರ ಗೊತ್ತಿರೋರು ಬರೀರಿ.

ಸುಮ್ನೆಓದುಗ
1979ರಲ್ಲಿ ಸೋತಿದ್ದು ಮಧ್ಯಮ ಬಣದ ಸರ್ಕಾರ. 1983ರಲ್ಲಿ ಸೋತಿದ್ದು ಎಡ ಬಣದ ಪ್ರಣಾಳಿಕೆ. ಯಾರ ಕೈಲಿ ಸ್ಟೇರಿಂಗ್ ಇತ್ತೋ ಅವರ ತಲೆಗೆ ಸೋಲು ಬಂತು. ಇದರಲ್ಲಿ ಇನ್ನೇನಿದೆ?

ಕಡತಪ್ರಿಯ
@ಸುಮ್ನೆಓದುಗ, ಅದು ಉತ್ತರದ ಕಾಲು ಭಾಗ ಅಷ್ಟೆ. ತಲೆಗೆ ಸೋಲು ತಾನಾಗೇ ಬರಲ್ಲ, ಯಾರೋ ಕಟ್ಟಬೇಕು.

1979ರ ಸೋಲನ್ನು ಕಟ್ಟೋಕೆ ಎಡ ಬಣ ಮೊದಲೇ ತಯಾರಾಗಿತ್ತು. 1973ರಲ್ಲೇ "ಲೇಬರ್ ಪಕ್ಷ ಪ್ರಜಾಪ್ರಭುತ್ವ ಆಂದೋಲನ" ಅಂತ ಒಂದು ಸಣ್ಣ ಸಂಘಟನೆ ಹುಟ್ಟಿತ್ತು. ಅದರ ಬೇಡಿಕೆ ಮೂರೇ ಮೂರು. ಒಂದು, ಹಾಲಿ ಸಂಸದರಿಗೆ ಟಿಕೆಟ್ ತಾನಾಗೇ ಸಿಗಬಾರದು, ಪ್ರತಿ ಚುನಾವಣೆಗೂ ಮುಂಚೆ ಕ್ಷೇತ್ರ ಘಟಕದ ಮುಂದೆ ಹೊಸದಾಗಿ ನಿಲ್ಲಬೇಕು. ಎರಡು, ನಾಯಕನನ್ನು ಸಂಸದರಷ್ಟೇ ಆರಿಸಬಾರದು. ಮೂರು, ಪ್ರಣಾಳಿಕೆಯ ಕೊನೇ ಮಾತು ರಾಷ್ಟ್ರೀಯ ಕಾರ್ಯಕಾರಿ ಸಮಿತಿಯದ್ದಾಗಬೇಕು. ಇವರು ಪಕ್ಷದ ವಾರ್ಷಿಕ ಅಧಿವೇಶನಕ್ಕೆ ಮುಂಚೆ ಕ್ಷೇತ್ರ ಘಟಕಗಳಿಗೆ ಮಾದರಿ ನಿರ್ಣಯ ಕಳಿಸೋರು. ಘಟಕದವರು ಅದನ್ನೇ ಪಾಸು ಮಾಡಿ ಮೇಲಕ್ಕೆ ಕಳಿಸೋರು.

ಸರ್ಕಾರ ಬಿದ್ದ ಕೂಡಲೇ ಇವರ ವಾದ ಸರಳ: ಅಧಿವೇಶನ ಒಂದು ಹೇಳಿತು, ಕ್ಯಾಲಹನ್ ಇನ್ನೊಂದು ಮಾಡಿದರು. 1976ರಲ್ಲಿ ಐಎಂಎಫ್ ಸಾಲ ತಂದು ಖರ್ಚು ಕತ್ತರಿಸಿದರು. 1978ರಲ್ಲಿ ಸಂಬಳ ಏರಿಕೆಗೆ 5% ಮಿತಿ ಹಾಕಿದರು, ಅಧಿವೇಶನ ಬೇಡ ಅಂದರೂ ಬಿಡಲಿಲ್ಲ, ಆ ಚಳಿಗಾಲ ಪೂರ್ತಿ ಮುಷ್ಕರ. ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ರದ್ದು ಮಾಡುವ ಅಂಶವನ್ನು ಪ್ರಣಾಳಿಕೆಯಿಂದ ಸ್ವತಃ ಕ್ಯಾಲಹನ್ ತೆಗೆಸಿ ಹಾಕಿದರು. ಹಾಗಾಗಿ "ನಾವು ಎಡಪಂಥೀಯರಾಗಿ ಸೋತಿಲ್ಲ, ಎಡಪಂಥೀಯರಾಗಿಲ್ಲದೆ ಸೋತಿದ್ದೇವೆ" ಅನ್ನೋ ತರ್ಕ ಕಾರ್ಯಕರ್ತರಿಗೆ ಸಲೀಸಾಗಿ ನಾಟಿತು. ಅದೇ ವರ್ಷದ ಬ್ರೈಟನ್ ಅಧಿವೇಶನದಲ್ಲಿ ಟಿಕೆಟ್ ಮರು-ಆಯ್ಕೆಯ ನಿಯಮಕ್ಕೆ ಒಪ್ಪಿಗೆ ಸಿಕ್ಕಿತು.

ಧಾರವಾಡದಂವ
ಖರೇ ಐತ್ರಿ. ಆದ್ರ ಮೂರನೇ ಬೇಡಿಕೆ ಅವರಿಗೆ ಸಿಗಲಿಲ್ಲ ಅನ್ನೂದನ್ನ ಬಿಟ್ಟೀರಿ. 1980ರ ಬ್ಲ್ಯಾಕ್‌ಪೂಲ್ ಅಧಿವೇಶನದಾಗ ಪ್ರಣಾಳಿಕೆ ವಿಷಯ ಬಿದ್ದು ಹೋತು. ಮೂರರಾಗ ಎರಡು ಗೆದ್ರು.

ಮತಗಟ್ಟೆ
ನಾಯಕನ ಆಯ್ಕೆ ಹೇಗೆ ಬದಲಾಯ್ತು ಅನ್ನೋದನ್ನ ಯಾರಾದ್ರೂ ಬಿಡಿಸಿ ಹೇಳ್ತೀರಾ? ಶೇಕಡಾವಾರು ಲೆಕ್ಕ ನನಗೆ ಯಾವಾಗಲೂ ಗೊಂದಲ.

ಹಳೇಸಂಚಿಕೆ
1980ರ ಅಕ್ಟೋಬರ್‌ನಲ್ಲಿ ಕ್ಯಾಲಹನ್ ರಾಜೀನಾಮೆ ಕೊಟ್ಟರು, ಹೊಸ ಪದ್ಧತಿ ಬರೋ ಮುಂಚೆ ಹಳೇ ಪದ್ಧತಿಯಲ್ಲೇ ಆಯ್ಕೆ ಮುಗಿದುಹೋಗಲಿ ಅಂತ. ಸಂಸದರೇ ಮತ ಹಾಕಿದರೂ ಎಡದ ಮೈಕೆಲ್ ಫುಟ್‌ಗೆ 139, ಬಲ ಬಣದ ಡೆನಿಸ್ ಹೀಲಿಗೆ 129. ಅಂದರೆ ಸಂಸದರೂ ಅಷ್ಟೊತ್ತಿಗೆ ಎಡಕ್ಕೆ ಬಾಗಿದ್ದರು. ತಮ್ಮ ಟಿಕೆಟ್ಟು ಕ್ಷೇತ್ರ ಘಟಕದ ಕೈಯಲ್ಲಿದೆ ಅನ್ನೋ ಅಳುಕು ಒಂದು ಕಾರಣ. ಪಕ್ಷವನ್ನು ಒಟ್ಟಾಗಿ ಇಟ್ಟುಕೊಳ್ಳೋಕೆ ಫುಟ್‌ಗಷ್ಟೇ ಸಾಧ್ಯ ಅನ್ನೋ ಲೆಕ್ಕ ಇನ್ನೊಂದು.

1981ರ ಜನವರಿ 24ರಂದು ವೆಂಬ್ಲಿಯಲ್ಲಿ ವಿಶೇಷ ಅಧಿವೇಶನ. ಅಲ್ಲಿ ಬಂದ ಸೂತ್ರ: ಕಾರ್ಮಿಕ ಸಂಘಗಳಿಗೆ 40%, ಸಂಸದರಿಗೆ 30%, ಕ್ಷೇತ್ರ ಘಟಕಗಳಿಗೆ 30%. ಮಾರನೇ ದಿನವೇ ಮಧ್ಯಮ ಬಣದ ರಾಯ್ ಜೆಂಕಿನ್ಸ್, ಡೇವಿಡ್ ಓವೆನ್, ಬಿಲ್ ರಾಜರ್ಸ್, ಶರ್ಲಿ ವಿಲಿಯಮ್ಸ್ ಸೇರಿ ಲೈಮ್‌ಹೌಸ್ ಘೋಷಣೆ ಹೊರಡಿಸಿದರು. ಮಾರ್ಚ್‌ನಲ್ಲಿ ಅವರ ಹೊಸ ಪಕ್ಷ ಎಸ್‌ಡಿಪಿ (ಸೋಶಿಯಲ್ ಡೆಮಾಕ್ರಟಿಕ್ ಪಕ್ಷ) ಹುಟ್ಟಿತು. ಒಟ್ಟು 28 ಲೇಬರ್ ಸಂಸದರು ಆ ಕಡೆ ಹೋದರು.

ಈಗ 1981ರ ಸೆಪ್ಟೆಂಬರ್ 27, ಉಪನಾಯಕನ ಚುನಾವಣೆ, ಬೆನ್ ಎದುರು ಹೀಲಿ. ಎರಡನೇ ಸುತ್ತಿನ ಲೆಕ್ಕ ಹೀಗಿದೆ. ಸಂಘಗಳ 40ರಲ್ಲಿ ಹೀಲಿಗೆ 24.994, ಬೆನ್‌ಗೆ 15.006. ಸಂಸದರ 30ರಲ್ಲಿ ಹೀಲಿಗೆ 19.759, ಬೆನ್‌ಗೆ 10.241. ಕ್ಷೇತ್ರ ಘಟಕಗಳ 30ರಲ್ಲಿ ಹೀಲಿಗೆ ಬರೀ 5.673, ಬೆನ್‌ಗೆ 24.327. ಕೂಡಿಸಿ: ಹೀಲಿ 50.426, ಬೆನ್ 49.574. ಒಂದು ಶೇಕಡಾಕ್ಕಿಂತ ಕಡಿಮೆ ಅಂತರದಲ್ಲಿ ಕಟ್ಟಾ ಬಣ ಪಕ್ಷದ ಎರಡನೇ ಸ್ಥಾನ ಕಳೆದುಕೊಂಡಿತು.

ನೇತ್ರಾವತಿ
ಆ 24.327 ಅಂಕಿ ನೋಡಿ ಎಷ್ಟೋ ಜನ "ಸಾಮಾನ್ಯ ಸದಸ್ಯರೆಲ್ಲ ಬೆನ್ ಕಡೆ ಇದ್ದರು" ಅಂತ ಬರೀತಾರೆ. ಹಾಗಲ್ಲ. ಕ್ಷೇತ್ರ ಘಟಕದ ಮತ ಹಾಕ್ತಾ ಇದ್ದದ್ದು ಘಟಕದ ಆಡಳಿತ ಸಮಿತಿ. ವಾರ್ಡು ಶಾಖೆಗಳಿಂದ, ಸ್ಥಳೀಯ ಕಾರ್ಮಿಕ ಸಂಘಗಳಿಂದ ಬಂದ ಪ್ರತಿನಿಧಿಗಳು ತಿಂಗಳಿಗೊಮ್ಮೆ ಸೇರಿ ತೀರ್ಮಾನ ಮಾಡೋರು. ಮನೇಲಿ ಕೂತ ಸದಸ್ಯರಿಗೆ ಮತಪತ್ರ ಕಳಿಸಲೇಬೇಕು ಅನ್ನೋ ನಿಯಮ ಇರಲಿಲ್ಲ. ವಾರದ ರಾತ್ರಿ ಮೂರು ಗಂಟೆ ಸಭೆಯಲ್ಲಿ ಕೂರೋ ವ್ಯವಧಾನ ಯಾರಿಗಿದೆಯೋ ಅವರ ಕೈಗೆ ಘಟಕ ಹೋಗುತ್ತೆ. ಕೆಲಸ, ಮಕ್ಕಳು, ರಾತ್ರಿ ಪಾಳಿ ಇರೋರು ಎದ್ದು ಹೋದ ಮೇಲೆ ಉಳಿದವರು ನಿರ್ಣಯ ಮಾಡ್ತಾರೆ. ಕಟ್ಟಾ ಬಣದ ಶಕ್ತಿ ಅಂದರೆ ಮುಖ್ಯವಾಗಿ ಇದು.

ಲೆಸ್ಟರ್‌ಕನ್ನಡಿಗ
ಸಂಘಗಳ ಕಡೇನೂ ಅದೇ ಥರ. ಬ್ಲಾಕ್ ಓಟು ಅಂದರೆ ಸಂಘ ತನ್ನ ಅಷ್ಟೂ ಸದಸ್ಯರ ಮತವನ್ನು ಒಂದೇ ಕಾರ್ಡಿನಲ್ಲಿ ಎತ್ತಿ ಹಿಡಿಯೋದು. ಸಾರಿಗೆ ಕಾರ್ಮಿಕರ ದೊಡ್ಡ ಸಂಘ ಟಿಜಿಡಬ್ಲ್ಯುಯು ಕೈಯಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಮತ, ಇಡೀ ಆಯ್ಕೆಯಲ್ಲಿ ಸುಮಾರು 8%. ಅವರ ಒಳಗಿನ ಸಮಾಲೋಚನೆ ಹೀಲಿ ಪರ ಇದೆ ಅಂತ ತೋರಿಸಿತ್ತು, ಆದರೂ ಎರಡನೇ ಸುತ್ತಿನಲ್ಲಿ ಮತ ಬೆನ್‌ಗೆ ಹೋಯ್ತು. ನೂಪೆ ಅನ್ನೋ ಸಾರ್ವಜನಿಕ ನೌಕರರ ಸಂಘದ ಮುಖಂಡರು ಎಡದವರು. ಅವರು ಸದಸ್ಯರನ್ನು ಕೇಳಿದರು, ಸದಸ್ಯರು ಹೀಲಿ ಅಂದರು, ಮತ ಹೀಲಿಗೆ ಹೋಯ್ತು. ನೂಪೆ ಕೇಳದೇ ಇದ್ದಿದ್ದರೆ ಬೆನ್ ಗೆದ್ದಿರ್ತಿದ್ರು.

ಮಲ್ನಾಡ್ಮಳೆ
ಇಷ್ಟೆಲ್ಲ ಒಳಗಿನ ಲೆಕ್ಕ ಸರಿ, ಆದರೆ 1983ರ ಸೋಲಿಗೆ ಫಾಕ್‌ಲೆಂಡ್ಸ್ ಯುದ್ಧವೇ ಕಾರಣ ಅಲ್ವಾ? 1982ರಲ್ಲಿ ಥ್ಯಾಚರ್ ಯುದ್ಧ ಗೆದ್ದರು, ಮುಂದಿನ ವರ್ಷ ಚುನಾವಣೆ ಗೆದ್ದರು. ಎಡ ಬಣದ ತಪ್ಪು ಎಷ್ಟು ಅಂತ ಹೇಗೆ ಬೇರ್ಪಡಿಸ್ತೀರಿ?

ಕಡತಪ್ರಿಯ
@ಮಲ್ನಾಡ್ಮಳೆ, ಕನ್ಸರ್ವೇಟಿವ್ ಮತ 1979ರಲ್ಲಿ 43.9% ಇದ್ದದ್ದು 1983ರಲ್ಲಿ 42.4%ಕ್ಕೆ ಇಳಿಯಿತು. ಯುದ್ಧ ಗೆದ್ದ ಪಕ್ಷದ ಮತ ಇಳಿದಿದೆ, ಸೀಟು ಮಾತ್ರ 397ಕ್ಕೆ ಏರಿದೆ. ಹೇಗೆ? ವಿರೋಧದ ಮತ ಎರಡಾಗಿ ಸೀಳಿತು. ಎಸ್‌ಡಿಪಿ-ಲಿಬರಲ್ ಮೈತ್ರಿಕೂಟಕ್ಕೆ 25.4% ಮತ, ಬರೀ 23 ಸೀಟು. ಲೇಬರ್‌ಗೂ ಅವರಿಗೂ ಮತಗಳ ಅಂತರ ಏಳು ಲಕ್ಷಕ್ಕಿಂತ ಕಡಿಮೆ. ಸೀಳಿಗೆ ಕಾರಣ ವೆಂಬ್ಲಿಯ ತೀರ್ಮಾನ. ಫಾಕ್‌ಲೆಂಡ್ಸ್ ಇಲ್ಲದಿದ್ದರೂ ಲೇಬರ್ ಒದ್ದಾಡುತ್ತಿತ್ತು.

ಧಾರವಾಡದಂವ
119 ಕ್ಷೇತ್ರದಾಗ ಲೇಬರ್ ಠೇವಣಿ ಹೋತು, ಅದನ್ನೂ ಬರೀರಿ. ಆಗ ಠೇವಣಿ 150 ಪೌಂಡ್, ಉಳೀಬೇಕಂದ್ರ 12.5% ಮತ ಬೇಕಿತ್ತು. ಸರ್ಕಾರ ನಡೆಸಿದ ಪಕ್ಷಕ್ಕ ಇದು ಭಾಳ ದೊಡ್ಡ ಅವಮಾನ.

ಮಲ್ನಾಡ್ಮಳೆ
ಸರಿ, ಆದರೂ ಯುದ್ಧವನ್ನು ಪೂರ್ತಿ ಪಕ್ಕಕ್ಕೆ ಇಡೋದು ಒಪ್ಪಲ್ಲ. 1981ರ ಕೊನೆಗೆ ಥ್ಯಾಚರ್ ಜನಪ್ರಿಯತೆ ನೆಲ ಕಚ್ಚಿತ್ತು. ಅಲ್ಲಿಂದ 42%ಗೆ ಬಂದದ್ದು ಇಳಿಕೆ ಅಲ್ಲ, ಏರಿಕೆ.

ಹಳೇಸಂಚಿಕೆ
ಇಬ್ಬರ ವಾದವೂ ಅಂದಿನ ಬಣಗಳ ಬಾಯಲ್ಲೇ ಇತ್ತು ಅನ್ನೋದು ಮುಖ್ಯ. ಸೋತ ಬಣ ಸೋಲನ್ನು ಹೇಗೆ ಓದುತ್ತೆ ಅಂತ ನೋಡಬೇಕಾದರೆ ಚುನಾವಣೆ ಮುಗಿದು ಹದಿನೈದು ದಿನ ಆಗೋ ಮುಂಚೆ ಬೆನ್ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆದದ್ದು ಓದಿ. 1945ರ ನಂತರ ಮೊದಲ ಬಾರಿಗೆ ಬಹಿರಂಗವಾಗಿ ಸಮಾಜವಾದಿಯಾದ ಕಾರ್ಯಕ್ರಮಕ್ಕೆ ಎಂಬತ್ತೈದು ಲಕ್ಷ ಜನರ ಬೆಂಬಲ ಸಿಕ್ಕಿದೆ ಅನ್ನೋದು ಅವರ ನಿಲುವು. ಯುದ್ಧ, ಪತ್ರಿಕೆಗಳು, ಪಕ್ಷ ಒಡೆದವರ ದ್ರೋಹ ಇವೆಲ್ಲ ಕಾರಣ, ಪ್ರಣಾಳಿಕೆ ಅಲ್ಲ ಅನ್ನೋದು ಆ ಬಣದ ವಾದ. ಇನ್ನೊಂದು ಕಡೆ ಲೇಬರ್‌ನದೇ ಸಂಸದ ಜೆರಾಲ್ಡ್ ಕೌಫ್‌ಮನ್ ಅದೇ ಪ್ರಣಾಳಿಕೆಯನ್ನು ಇತಿಹಾಸದ ಅತಿ ಉದ್ದದ ಆತ್ಮಹತ್ಯಾ ಪತ್ರ ಅಂತ ಕರೆದದ್ದು ಎಲ್ಲರಿಗೂ ಗೊತ್ತು. ಅಣ್ವಸ್ತ್ರವನ್ನು ಏಕಪಕ್ಷೀಯವಾಗಿ ಬಿಡೋದು, ಯುರೋಪಿಯನ್ ಸಮುದಾಯದಿಂದ ಹೊರಬರೋದು, ಲಾರ್ಡ್ಸ್ ಸಭೆ ರದ್ದು, ಎಲ್ಲವೂ ಅದರಲ್ಲಿತ್ತು.

ಸುಮ್ನೆಓದುಗ
ಅಂದ್ರೆ ನಾನು ಹೇಳಿದ್ದೇ. ಅವರ ಪ್ರಣಾಳಿಕೆ, ಅವರ ಸೋಲು. 1979ರ ನೆಪ 1983ರಲ್ಲಿ ಇರಲಿಲ್ಲ.

ನೇತ್ರಾವತಿ
ನೆಪ ಇತ್ತು, ಈಗಷ್ಟೇ ಹಳೇಸಂಚಿಕೆಯವರು ಬರೆದರಲ್ಲ. ಯಾವ ಸೋಲಿಗೂ ಯಾವ ಬಣಕ್ಕೂ ನೆಪದ ಕೊರತೆ ಬರಲ್ಲ. ನೆಪವನ್ನು ಕೊಳ್ಳೋ ಜನ ಕಡಿಮೆಯಾದರು, ಪ್ರಶ್ನೆ ಅದು. ಯಾರು ಬಿಟ್ಟು ಹೋದರು ನೋಡಿ.

1981ರ ಎರಡನೇ ಸುತ್ತಿನಲ್ಲಿ ನೀಲ್ ಕಿನ್ನಕ್ ಮತ್ತು ಟ್ರಿಬ್ಯೂನ್ ಅನ್ನೋ ಎಡ ಗುಂಪಿನ ಕೆಲವು ಸಂಸದರು ಯಾರಿಗೂ ಮತ ಹಾಕದೆ ಕೂತರು. ಅವರು ಬೆನ್‌ಗೆ ಹಾಕಿದ್ದರೆ ಬೆನ್ ಉಪನಾಯಕ. ಎಡ ಬಣ ಅಲ್ಲೇ ಎರಡಾಯ್ತು. ಕಟ್ಟಾ ಭಾಗದವರು 1982ರ ಕೊನೆಗೆ ಬೇರೆಯಾಗಿ ಕ್ಯಾಂಪೇನ್ ಗುಂಪು ಕಟ್ಟಿಕೊಂಡರು. ಅಂದರೆ 1983ರ ಸೋಲು ಬರೋ ಹೊತ್ತಿಗೆ, ಎಡದವನೇ ಆದರೂ ಬೆನ್ ಬಣದವನಲ್ಲದ ಒಬ್ಬ ನಾಯಕ ತಯಾರಿದ್ದ. ಕಿನ್ನಕ್ ಅಣ್ವಸ್ತ್ರ ವಿರೋಧಿ, ಗಣಿ ಕಾರ್ಮಿಕನ ಮಗ. ಕಾರ್ಯಕರ್ತರು ಅವರನ್ನು ಬಲಪಂಥೀಯ ಅಂತ ತಳ್ಳಿಹಾಕೋಕೆ ಆಗಲಿಲ್ಲ. 1983ರ ಅಕ್ಟೋಬರ್‌ನಲ್ಲಿ 71.3% ತೆಗೆದುಕೊಂಡರು. ಕಟ್ಟಾ ಬಣದ ಅಭ್ಯರ್ಥಿ ಎರಿಕ್ ಹೆಫರ್‌ಗೆ 6.3%.

ಕಡತಪ್ರಿಯ
ಮತ್ತು ಬೆನ್ ಸ್ಪರ್ಧಿಸೋಕೇ ಆಗಲಿಲ್ಲ! ಅವರ ಬ್ರಿಸ್ಟಲ್ ಸೌತ್ ಈಸ್ಟ್ ಕ್ಷೇತ್ರ ಮರುವಿಂಗಡಣೆಯಲ್ಲಿ ಹೋಯ್ತು. ಸುರಕ್ಷಿತವಾಗಿದ್ದ ಬ್ರಿಸ್ಟಲ್ ಸೌತ್ ಟಿಕೆಟ್ಟು ಮೈಕೆಲ್ ಕಾಕ್ಸ್ ಪಾಲಾಯ್ತು. ಬ್ರಿಸ್ಟಲ್ ಈಸ್ಟ್‌ನಲ್ಲಿ ನಿಂತು ಸೋತರು. ನಾಯಕನಾಗಬೇಕಾದರೆ ಸಂಸದನಾಗಿರಬೇಕು. ಚೆಸ್ಟರ್‌ಫೀಲ್ಡ್ ಉಪಚುನಾವಣೆಯಲ್ಲಿ ಗೆದ್ದು ವಾಪಸ್ ಬರೋ ಹೊತ್ತಿಗೆ 1984ರ ಮಾರ್ಚ್. ಬಣಕ್ಕೆ ಒಬ್ಬನೇ ಮುಖ ಇದ್ದರೆ ಇದೇ ಅಪಾಯ. ಸೋಲಿನ ದಿನ ಆ ಮುಖವೂ ಸೋತಿರಬಹುದು.

ಕರಾವಳಿಗ
ಇನ್ನೊಂದು ಮಗ್ಗುಲು ಯಾರೂ ಹೇಳಿಲ್ಲ. 1983ರ ಅದೇ ಸೋಲಿನಲ್ಲಿ ಕಟ್ಟಾ ಬಣದಿಂದ ಹೊಸಬರು ಗೆದ್ದೂ ಬಂದರು. ಲೇಬರ್ ಒಳಗೇ ಇದ್ದ ಟ್ರಾಟ್‌ಸ್ಕಿವಾದಿ ಮಿಲಿಟೆಂಟ್ ಗುಂಪಿನ ಟೆರಿ ಫೀಲ್ಡ್ಸ್ ಲಿವರ್‌ಪೂಲ್ ಬ್ರಾಡ್‌ಗ್ರೀನ್‌ನಿಂದ, ಡೇವ್ ನೆಲಿಸ್ಟ್ ಕವೆಂಟ್ರಿ ಸೌತ್ ಈಸ್ಟ್‌ನಿಂದ. ಜೆರೆಮಿ ಕಾರ್ಬಿನ್ ಇಸ್ಲಿಂಗ್ಟನ್ ನಾರ್ತ್‌ನಿಂದ ಮೊದಲ ಸಲ ಗೆದ್ದದ್ದೂ ಅದೇ ವರ್ಷ. ಮುಂದೆ ಪಕ್ಷವನ್ನು ಮಧ್ಯಕ್ಕೆ ಎಳೆದ ಟೋನಿ ಬ್ಲೇರ್ ಮತ್ತು ಗಾರ್ಡನ್ ಬ್ರೌನ್ ಕೂಡ ಅದೇ ವರ್ಷ. ಒಂದು ಸೋಲು ಎರಡೂ ಕಡೆಯ ಮುಂದಿನ ಮೂವತ್ತು ವರ್ಷದ ಬೀಜ ಬಿತ್ತಿತು.

ಧಾರವಾಡದಂವ
ಸೋಲಿನಿಂದ ಬಣ ಕರಗಿತು ಅನ್ನೂದಕ್ಕ ನಂದು ತಕರಾರು ಐತ್ರಿ. ಕರಗೂದು 1983ಕ್ಕಿಂತ ಮೊದಲ ಶುರು ಆಗಿತ್ತು. ರಾಷ್ಟ್ರೀಯ ಕಾರ್ಯಕಾರಿ ಸಮಿತಿ ನೋಡ್ರಿ, ಆಗ 29 ಮಂದಿ. 12 ಸಂಘದವರು, 7 ಕ್ಷೇತ್ರ ಘಟಕದವರು, 5 ಮಹಿಳಾ ಸ್ಥಾನ, ಒಂದು ಸಮಾಜವಾದಿ ಸಂಘಗಳದ್ದು, ಒಂದು ಯುವ ಘಟಕದ್ದು, ಖಜಾಂಚಿ, ನಾಯಕ, ಉಪನಾಯಕ. ಈ ಮಹಿಳಾ ಸ್ಥಾನ ಮತ್ತ ಖಜಾಂಚಿ ಆಯ್ಕೆ ಇಡೀ ಅಧಿವೇಶನದ ಮತದ ಮ್ಯಾಲೆ. ಅಧಿವೇಶನದ ಮತ ಅಂದ್ರ ಹೆಚ್ಚೂ ಕಡಿಮಿ ಸಂಘದವರ ಮತ. ಅಂದ್ರ 29ರಾಗ 18 ಸ್ಥಾನ ಸಂಘದವರು ಮನಸ್ಸು ಮಾಡಿದ್ರ ತಿರುಗತಾವು.

ವೆಂಬ್ಲಿ ಆದ ಮುಂದಿನ ತಿಂಗಳ, ಮಧ್ಯಮ ಒಲವಿನ ಸಂಘದ ಮುಖಂಡರು ಲಂಡನ್ನಿನ ಸೇಂಟ್ ಎರ್ಮಿನ್ಸ್ ಹೋಟೆಲಿನಾಗ ಗುಟ್ಟಾಗಿ ಸೇರಾಕ ಹತ್ತಿದ್ರು. ಯಾವ ಸಂಘ ಯಾವ ಸ್ಥಾನಕ್ಕ ಯಾರಿಗೆ ಹಾಕಬೇಕು ಅಂತ ಪಟ್ಟಿ ಮಾಡಿದ್ರು. 1981ರ ಅಧಿವೇಶನದಾಗ ಎಡದವರು ಸ್ಥಾನ ಕಳಕೊಂಡ್ರು, 1982ರಾಗ ಮತ್ತ ಕಳಕೊಂಡ್ರು. ಆ ವರ್ಷದ ಕೊನಿಗೆ ಬೆನ್ ಅವರನ್ನ ಗೃಹನೀತಿ ಉಪಸಮಿತಿ ಅಧ್ಯಕ್ಷತೆಯಿಂದ ಇಳಿಸಿದ್ರು. ಚುನಾವಣೆ ಇನ್ನೂ ಆರು ತಿಂಗಳು ದೂರ ಇತ್ತು!

ಮತಗಟ್ಟೆ
ಇದು ನನಗೆ ಹೊಸದು. ಹಾಗಾದರೆ ಸಮಿತಿ ಮಧ್ಯಮದವರ ಕೈಗೆ ಬಂದ ಮೇಲೂ 1983ರ ಪ್ರಣಾಳಿಕೆ ಯಾಕೆ ಹಾಗೇ ಹೊರಬಂತು?

ಲೆಸ್ಟರ್‌ಕನ್ನಡಿಗ
ಅಧಿವೇಶನದಲ್ಲಿ ಆಗಲೇ ಪಾಸಾಗಿದ್ದ ನಿರ್ಣಯಗಳನ್ನು ಹೆಚ್ಚೂಕಡಿಮೆ ಹಾಗೇ ಪ್ರಣಾಳಿಕೆಗೆ ಇಳಿಸಿದರು. ಚುನಾವಣೆ ಘೋಷಣೆಯಾದ ಮೇಲೆ ತಿದ್ದೋಕೆ ಕೂತರೆ ಬೀದಿ ಜಗಳ ಆಗುತ್ತೆ. ಜೊತೆಗೆ ಬಲಪಂಥದವರಲ್ಲಿ ಕೆಲವರಿಗೆ, ಸೋಲೋದು ಖಚಿತ ಇದೆ, ಎಡದವರ ಕಾರ್ಯಕ್ರಮದ ಮೇಲೇ ಸೋಲಲಿ ಅನ್ನೋ ಲೆಕ್ಕವೂ ಇತ್ತು. ಸೋತ ಮೇಲೆ ನೆಪ ಸಿಗಬಾರದು ಅಂತ.

ಸುಮ್ನೆಓದುಗ
ಅದು ಜೂಜು. ಮೂರನೇ ಸ್ಥಾನಕ್ಕೆ ಬಿದ್ದಿದ್ದರೆ ಪಕ್ಷವೇ ಇರ್ತಿರಲಿಲ್ಲ.

ಮಲ್ನಾಡ್ಮಳೆ
ಸ್ವಲ್ಪ ನಮ್ಮ ದೇಶದ ಕಡೆ ಬರೋಣ. ಬಿಜೆಪಿ 1984ರಲ್ಲಿ ಎರಡೇ ಸೀಟಿಗೆ ಇಳಿಯಿತು, ಹನಮಕೊಂಡ ಮತ್ತು ಮೆಹ್ಸಾಣ. ವಾಜಪೇಯಿ ಗ್ವಾಲಿಯರ್‌ನಲ್ಲಿ ಸೋತರು. 1980ರಲ್ಲಿ ಪಕ್ಷ ಹುಟ್ಟಿದಾಗ "ಗಾಂಧೀವಾದಿ ಸಮಾಜವಾದ" ಅಂತ ಮೆದು ನಿಲುವು ಇಟ್ಟುಕೊಂಡಿತ್ತು. ಸೋತ ಮೇಲೆ 1985ರಲ್ಲಿ ಪರಾಮರ್ಶೆ ಸಮಿತಿ ಕೂತಿತು, ದೀನದಯಾಳರ ಏಕಾತ್ಮ ಮಾನವತಾವಾದ ಮತ್ತೆ ಮುಂದಕ್ಕೆ ಬಂತು. 1986ರಲ್ಲಿ ಅಡ್ವಾಣಿ ಅಧ್ಯಕ್ಷರಾದರು. 1989ರ ಜೂನ್‌ನಲ್ಲಿ ಪಾಲಂಪುರದಲ್ಲಿ ರಾಮಜನ್ಮಭೂಮಿ ನಿರ್ಣಯ. ಆ ವರ್ಷ 85 ಸೀಟು, 1991ರಲ್ಲಿ 120. ಇದು ಲೇಬರ್ 1979ರ ಥರ ಅಲ್ವಾ? ಮೆದು ನಿಲುವಿನ ಮೇಲೆ ಸೋತರು, ಗಟ್ಟಿ ನಿಲುವಿಗೆ ಹೋದರು.

ಹಳೇಸಂಚಿಕೆ
ಸೋಲನ್ನು ಓದಿದ ರೀತಿ ಒಂದೇ. ಆದರೆ ಎರಡು ವ್ಯತ್ಯಾಸ ಇದೆ. ಬಿಜೆಪಿಯಲ್ಲಿ ಗಟ್ಟಿ ನಿಲುವಿನವರ ಬಲ ಪಕ್ಷದ ಹೊರಗಿತ್ತು. ಆರೆಸ್ಸೆಸ್, ವಿಶ್ವ ಹಿಂದೂ ಪರಿಷತ್ತು ಚುನಾವಣೆ ಸೋಲಲ್ಲ, ಅವರ ಶಾಖೆ, ಯಾತ್ರೆ ನಡೀತಾನೇ ಇರುತ್ತೆ. ಲೇಬರ್‌ನ ಕಟ್ಟಾ ಬಣದ ಬಲ ಇದ್ದದ್ದು ಪಕ್ಷದ ನಿಯಮಾವಳಿಯೊಳಗೆ. ನಿಯಮ ಬದಲಾದರೆ ಬಲ ಹೋಯ್ತು. ಎರಡನೇದು, ಗಟ್ಟಿ ನಿಲುವಿಗೆ ಹೋದ ಮೇಲಿನ ಮೊದಲ ಚುನಾವಣೆಯಲ್ಲೇ ಬಿಜೆಪಿಯ ಸೀಟು ಏರಿತು. ಬೆನ್ ಬಣಕ್ಕೆ ಆ ಪರೀಕ್ಷೆಯಲ್ಲಿ 27.6% ಬಂತು.

ನೇತ್ರಾವತಿ
ಕರ್ನಾಟಕದ ಅಂಕಿ ಬೇಕಾದರೆ: ವಿಧಾನಸಭೆಯಲ್ಲಿ ಬಿಜೆಪಿ 1983ರಲ್ಲಿ 18, 1985ರಲ್ಲಿ 2, 1989ರಲ್ಲಿ 4, 1994ರಲ್ಲಿ 40. ದೇಶದಲ್ಲಿ 85 ಬಂದ ವರ್ಷವೂ ಇಲ್ಲಿ ನಾಲ್ಕೇ. ಹಾಗಾಗಿ "ಗಟ್ಟಿ ನಿಲುವು, ಕೂಡಲೇ ಲಾಭ" ಅನ್ನೋದು ಎಲ್ಲ ಕಡೆ ಒಂದೇ ಹೊತ್ತಿಗೆ ಆಗಿಲ್ಲ. 1989ರ ಏರಿಕೆಯಲ್ಲಿ ಜನತಾದಳದ ಜೊತೆಗಿನ ಸೀಟು ಹೊಂದಾಣಿಕೆಯದ್ದೂ ದೊಡ್ಡ ಪಾಲಿತ್ತು.

ಕರಾವಳಿಗ
ಅಮೆರಿಕದ 1964 ಇನ್ನೂ ಸ್ಪಷ್ಟ ಉದಾಹರಣೆ. ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ, ಕಟ್ಟಾ ಬಲ ಬಣದ ಗೋಲ್ಡ್‌ವಾಟರ್‌ಗೆ 38.5% ಮತ, ಆರು ರಾಜ್ಯ. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಸ್ಥಾನದಿಂದ ಅವರ ಕಡೆಯ ಡೀನ್ ಬರ್ಚ್‌ನನ್ನು ಎತ್ತಿ ರೇ ಬ್ಲಿಸ್‌ನನ್ನು ಕೂರಿಸಿದರು. ಕಟ್ಟಾ ಬಲ ಬಣ ಮುಗೀತು ಅಂತ ಎಲ್ಲರೂ ಬರೆದರು. ಆದರೆ ದೇಣಿಗೆ ಕೊಟ್ಟವರ ಪಟ್ಟಿ ಉಳಿದಿತ್ತು. ಐವತ್ತು ಡಾಲರ್‌ಗಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ ಕೆಳಮನೆಯ ಕಚೇರಿಯಲ್ಲಿ ಸಾರ್ವಜನಿಕ ದಾಖಲೆ. ರಿಚರ್ಡ್ ವಿಗೆರಿ ಅಲ್ಲಿಗೆ ಹೋಗಿ ಸಾವಿರಾರು ಹೆಸರು ಕೈಯಲ್ಲಿ ನಕಲು ಮಾಡಿಸಿದರು. ಅದರ ಮೇಲೆ ಅಂಚೆ ಮೂಲಕ ದೇಣಿಗೆ ಎತ್ತುವ ದೊಡ್ಡ ವ್ಯವಹಾರವೇ ಕಟ್ಟಿದರು. 1966ರಲ್ಲಿ ರೇಗನ್ ಕ್ಯಾಲಿಫೋರ್ನಿಯಾ ಗವರ್ನರ್, 1980ರಲ್ಲಿ ಅಧ್ಯಕ್ಷ. ಪದವಿ ಹೋದರೂ ಪಟ್ಟಿ ಉಳಿದ ಬಣ ಸಾಯಲ್ಲ.

ಸುಮ್ನೆಓದುಗ
ವಿಳಾಸದ ಪಟ್ಟಿಯಿಂದ ಇಷ್ಟೆಲ್ಲ? ಗೊತ್ತಿರಲಿಲ್ಲ.

ಮತಗಟ್ಟೆ
ಲೇಬರ್‌ಗೆ ವಾಪಸ್ ಬರೋಣ. ಕಿನ್ನಕ್ ಬಂದ ಮೇಲೆ ಬಣ ಎಷ್ಟು ಬೇಗ ಕರಗಿತು?

ಕಡತಪ್ರಿಯ
ಬೇಗ ಅಲ್ಲ. 1984ರಲ್ಲಿ ಟಿಕೆಟ್ ಮರು-ಆಯ್ಕೆಗೆ "ಒಬ್ಬ ಸದಸ್ಯ, ಒಂದು ಮತ" ತರೋಕೆ ಕಿನ್ನಕ್ ಹೋದರು, ಅಧಿವೇಶನದಲ್ಲಿ ಸೋತರು. ಗಣಿ ಮುಷ್ಕರ 1984ರ ಮಾರ್ಚ್‌ನಿಂದ 1985ರ ಮಾರ್ಚ್‌ವರೆಗೆ, ಆ ಒಂದು ವರ್ಷ ಕಟ್ಟಾ ಬಣದ ಮೇಲೆ ಕೈ ಹಾಕೋ ಹಾಗೇ ಇರಲಿಲ್ಲ.

ತಿರುವು ಬಂದದ್ದು ಲಿವರ್‌ಪೂಲ್‌ನಿಂದ. ಅಲ್ಲಿನ ನಗರಸಭೆಯಲ್ಲಿ ಮಿಲಿಟೆಂಟ್‌ನವರ ಹಿಡಿತ. ಸರ್ಕಾರ ಸ್ಥಳೀಯ ತೆರಿಗೆಗೆ ಮಿತಿ ಹಾಕಿದಾಗ ಹಲವು ಲೇಬರ್ ನಗರಸಭೆಗಳು ಬಜೆಟ್ ಮಾಡಲ್ಲ ಅಂತ ಪಟ್ಟು ಹಿಡಿದವು. ಒಂದೊಂದಾಗಿ ಬಗ್ಗಿದವು, ಲಂಡನ್ನಿನಲ್ಲಿ ಕೆನ್ ಲಿವಿಂಗ್‌ಸ್ಟನ್ ಕೂಡ. ಲಿವರ್‌ಪೂಲ್ ಮತ್ತು ಲ್ಯಾಂಬೆತ್ ಮಾತ್ರ ಉಳಿದವು. ಲಿವರ್‌ಪೂಲ್ ಖರ್ಚಿಗಿಂತ ಕಡಿಮೆ ತೆರಿಗೆ ಹಾಕಿತು. ವರ್ಷ ಮುಗಿಯೋ ಮುಂಚೆ ದುಡ್ಡು ಮುಗಿಯುತ್ತೆ ಅಂತ 1985ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಸಿಕ್ಕಿತು. ಕಾನೂನು ಪ್ರಕಾರ 90 ದಿನದ ನೋಟಿಸು ಕೊಡಬೇಕು. ಇದು ಬರೀ ತಂತ್ರ, ಯಾರನ್ನೂ ತೆಗೆಯಲ್ಲ ಅಂತ ಹೇಳಿಕೊಂಡೇ ಮೂವತ್ತು ಸಾವಿರಕ್ಕೂ ಹೆಚ್ಚು ನೌಕರರಿಗೆ ಕೆಲಸದಿಂದ ತೆಗೆಯೋ ನೋಟಿಸು ಬರೆದು, ಬಾಡಿಗೆ ಟ್ಯಾಕ್ಸಿಗಳಲ್ಲಿ ಊರೆಲ್ಲ ಹಂಚಿಸಿದರು. ಸಂಘಗಳು ಕೆಂಡವಾದವು. ಕಾರ್ಮಿಕರ ಹೆಸರಲ್ಲಿ ರಾಜಕಾರಣ ಮಾಡೋ ಬಣ ಕಾರ್ಮಿಕರಿಗೆ ನೋಟಿಸು ಕೊಟ್ಟಿತು. ಅಕ್ಟೋಬರ್ 1ರಂದು ಬೋರ್ನ್‌ಮತ್ ಅಧಿವೇಶನದಲ್ಲಿ ಕಿನ್ನಕ್ ಆ ಟ್ಯಾಕ್ಸಿಗಳ ಹೆಸರೆತ್ತಿಯೇ ಬೈದರು. ಹೆಫರ್ ವೇದಿಕೆ ಬಿಟ್ಟು ಎದ್ದು ಹೋದರು.

ಧಾರವಾಡದಂವ
ಆ ಹೊತ್ತಿಗೆ ಸಂಘದವರ ಬೆಂಬಲ ಸಿಕ್ಕಿತು, ಅಲ್ಲಿಂದ ಉಚ್ಚಾಟನೆ ಸಲೀಸ ಆತು. ಮೊದಲಿನ ಪ್ರಯತ್ನ ನೋಡ್ರಿ: 1983ರ ಫೆಬ್ರುವರಿಯೊಳಗ ಮಿಲಿಟೆಂಟ್ ಪತ್ರಿಕೆಯ ಸಂಪಾದಕ ಮಂಡಳಿಯ ಐದು ಮಂದಿಯನ್ನಷ್ಟೇ ಹೊರಗ ಹಾಕಾಕ ಆತು. ಕೋರ್ಟಿಗೆ ಹೋದ್ರ, ಆರೋಪ ಏನು, ವಿಚಾರಣೆ ಸರಿ ಆತೋ ಇಲ್ಲೋ ಅಂತ ಕೇಳತಾರ. ಅದಕ್ಕ 1986ರಾಗ ಶಿಸ್ತಿನ ವಿಚಾರಣೆಗೆ ಅಂತ ಬ್ಯಾರೆ ಸಂವಿಧಾನ ಸಮಿತಿನ ಮಾಡಿದ್ರು. ಲಿವರ್‌ಪೂಲ್ ನಗರಸಭೆಯ ಉಪನಾಯಕ ಡೆರೆಕ್ ಹ್ಯಾಟನ್ ಹೊರಗ ಬಿದ್ದದ್ದು ಅದೇ ವರ್ಷ. ಲಿವರ್‌ಪೂಲ್‌ನ 47 ಸದಸ್ಯರಿಗೆ ತೆರಿಗೆ ತಡ ಮಾಡಿದ ನಷ್ಟ ಕೈಯಿಂದ ತುಂಬ್ರಿ ಅಂತ ಆದೇಶ ಬಂತು, ಒಂದು ಲಕ್ಷ ಪೌಂಡಿಗೂ ಹೆಚ್ಚು. 1987ರಾಗ ಸ್ಥಾನನೂ ಹೋತು.

ಲೆಸ್ಟರ್‌ಕನ್ನಡಿಗ
ಸೂಚಕರ ಮಿತಿ ಬಗ್ಗೆ ಯಾರೂ ಬರೆದಿಲ್ಲ, ಅದು ಅತಿ ಮುಖ್ಯ ಕೀಲಿ. ನಾಯಕ ಸ್ಥಾನಕ್ಕೆ ನಿಲ್ಲೋಕೆ ಎಷ್ಟು ಸಂಸದರ ಸಹಿ ಬೇಕು? ಮೊದಲು 5%. 1987ರಲ್ಲಿ ಮೂರನೇ ಸೋಲು ಆದ ಮೇಲೆ, 1988ರಲ್ಲಿ ಬೆನ್ ಕಿನ್ನಕ್ ಎದುರು ನಿಂತರು. ಕಿನ್ನಕ್ 88.6%, ಬೆನ್ 11.4%. ಅದಾದ ಮೇಲೆ ಮಿತಿ 20%ಗೆ ಏರಿತು. 1993ರಲ್ಲಿ ಖಾಲಿ ಸ್ಥಾನಕ್ಕೆ 12.5%. 2014ರಲ್ಲಿ 15%. 2017ರಲ್ಲಿ 10%. 2021ರಲ್ಲಿ ಮತ್ತೆ 20%. ಯಾವ ಬಣ ಮೇಲಿದೆ ಅನ್ನೋದನ್ನ ಈ ಅಂಕಿಯಲ್ಲೇ ಓದಬಹುದು.

2015ರಲ್ಲಿ ಏನಾಯ್ತು ನೋಡಿ. ಆಗಿನ ನಾಯಕ ಎಡ್ ಮಿಲಿಬ್ಯಾಂಡ್ ಸೋತರು, 232 ಸಂಸದರು. 15% ಅಂದರೆ 35 ಸಹಿ. ಕಾರ್ಬಿನ್‌ಗೆ 36 ಬಂತು. ಅದರಲ್ಲಿ ಹಲವರು ಅವರಿಗೆ ಮತ ಹಾಕೋ ಉದ್ದೇಶದವರಲ್ಲ, ಚರ್ಚೆಗೆ ಎಡದ ದನಿಯೂ ಇರಲಿ ಅಂತ ಸಹಿ ಹಾಕಿದವರು. ಮತದಾನ ಆಗ ಸದಸ್ಯರ ಜೊತೆಗೆ 3 ಪೌಂಡ್ ಕೊಟ್ಟು ನೋಂದಾಯಿಸಿಕೊಂಡ ಬೆಂಬಲಿಗರಿಗೂ ತೆರೆದಿತ್ತು. ಕಾರ್ಬಿನ್‌ಗೆ ಒಟ್ಟು 59.5%, ಆ 3 ಪೌಂಡ್‌ನವರಲ್ಲಿ 83.8%.

ಮಲ್ನಾಡ್ಮಳೆ
2017ರಲ್ಲಿ ಕಾರ್ಬಿನ್ ಸೋತರೂ ಅವರ ಬಣ ಇನ್ನೂ ಬಲವಾಯ್ತಲ್ಲ? ಅದು ಹೇಗೆ?

ನೇತ್ರಾವತಿ
ನಿರೀಕ್ಷೆಗೆ ಎದುರಾಗಿ ಏರಿದ್ದಕ್ಕೆ. ಮೂವತ್ತು ಸೀಟು ಹೆಚ್ಚಾಗಿ 262, ಮತ 40%. ಸೋಲು ಸೋಲೇ, ಆದರೆ ನೆಲಕಚ್ಚುತ್ತಾರೆ ಅಂದುಕೊಂಡಿದ್ದ ಎದುರು ಬಣದ ಬಾಯಿ ಕಟ್ಟಿತು. ಹಿಂದಿನ ವರ್ಷವಷ್ಟೇ ಸಂಸದರು 172-40ರಲ್ಲಿ ಅವಿಶ್ವಾಸ ತೋರಿಸಿದ್ದರು. ಸೂಚಕರ ಮಿತಿ 10%ಗೆ ಇಳಿದದ್ದು ಆ ಚುನಾವಣೆ ಆದ ಮೂರೇ ತಿಂಗಳಲ್ಲಿ. 2019ರಲ್ಲಿ 202ಕ್ಕೆ ಇಳಿದಾಗ ಆ ರಕ್ಷಣೆ ಹೋಯ್ತು.

ಹಳೇಸಂಚಿಕೆ
ಕಾರ್ಬಿನ್ ನಂತರ ನಾಯಕರಾದ ಸ್ಟಾರ್ಮರ್ ಮಾಡಿದ್ದು ಕಿನ್ನಕ್ ಮಾಡಿದ್ದೇ, ಇನ್ನೂ ವೇಗವಾಗಿ. 2020ರಲ್ಲಿ ಎಡದವರಿಗೆ ಹಿಡಿಸೋ ಹತ್ತು ವಾಗ್ದಾನ ಕೊಟ್ಟು 56.2% ತಗೊಂಡರು. ಆಮೇಲೆ ಕಾರ್ಯಕಾರಿ ಸಮಿತಿಗೆ ಕ್ಷೇತ್ರ ಪ್ರತಿನಿಧಿಗಳ ಆಯ್ಕೆಯನ್ನು ಪ್ರಾಶಸ್ತ್ಯ ಮತದ ಪದ್ಧತಿಗೆ ಬದಲಾಯಿಸಿದರು. 2018ರಲ್ಲಿ ಎಡದ ಪಟ್ಟಿ ಒಂಬತ್ತಕ್ಕೆ ಒಂಬತ್ತೂ ಬಾಚಿತ್ತು. 2020ರಲ್ಲಿ ಐದು. ಹಳೇ ಪದ್ಧತಿಯಲ್ಲಿ ಒಂದು ಪಟ್ಟಿಗೆ ಅರ್ಧದಷ್ಟು ಮತ ಬಂದರೂ ಎಲ್ಲ ಸ್ಥಾನ ಸಿಗುತ್ತೆ, ಹೊಸದರಲ್ಲಿ ಮತದ ಪ್ರಮಾಣಕ್ಕೆ ತಕ್ಕಷ್ಟು ಮಾತ್ರ. 2021ರ ಅಧಿವೇಶನದಲ್ಲಿ ಹಳೇ ಮೂರು ಭಾಗದ ಮತಪದ್ಧತಿಗೂ ವಾಪಸ್ ಹೋಗೋಕೆ ನೋಡಿದರು, ಸಂಘಗಳು ಒಪ್ಪಲಿಲ್ಲ, ಬಿಟ್ಟರು. 20% ಸಹಿಯ ನಿಯಮ ಪಾಸಾಯ್ತು. 2024ರಲ್ಲಿ 411 ಸೀಟು ಬಂದ ಮೇಲೆ ಸುಮಾರು 80 ಸಂಸದರ ಸಹಿ ಬೇಕಾಗಿದೆ. ಕ್ಯಾಂಪೇನ್ ಗುಂಪಿನ ಬಲ ಅದರ ಅರ್ಧವೂ ಇಲ್ಲ.

ಕರಾವಳಿಗ
ವಿಷಯಾಂತರ. ಅಲ್ಲಿರೋ ನಮ್ಮ ಕನ್ನಡಿಗರು ಬ್ರಿಟಿಷ್ ಪೌರತ್ವ ಇಲ್ಲದೆ ಇದರಲ್ಲಿ ಮತ ಹಾಕಬಹುದಾ?

ಲೆಸ್ಟರ್‌ಕನ್ನಡಿಗ
ಸಾರ್ವತ್ರಿಕ ಚುನಾವಣೆಯಲ್ಲಿ ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಅಲ್ಲಿ ವಾಸಿಸುವ ಅನುಮತಿ ಇರೋ ಭಾರತೀಯ ಪಾಸ್‌ಪೋರ್ಟಿನವರೂ ಮತದಾರರ ಪಟ್ಟಿಗೆ ಸೇರಬಹುದು. ಎಷ್ಟೋ ವಿದ್ಯಾರ್ಥಿಗಳಿಗೆ ಇದು ಗೊತ್ತೇ ಇಲ್ಲ, ನೋಂದಾಯಿಸಿಕೊಳ್ಳಿ. ನಾಯಕನ ಆಯ್ಕೆ ಬೇರೆ, ಅದಕ್ಕೆ ಪಕ್ಷದ ಸದಸ್ಯತ್ವವೋ ಪಕ್ಷಕ್ಕೆ ಸೇರಿದ ಸಂಘದ ಸದಸ್ಯತ್ವವೋ ಬೇಕು.

ಸುಮ್ನೆಓದುಗ
ಕನ್ಸರ್ವೇಟಿವ್ ಪಕ್ಷದಲ್ಲೂ ಹೀಗೇನಾ? 1997ರಲ್ಲಿ 165 ಸೀಟಿಗೆ ಬಿದ್ದರಲ್ಲ.

ಕಡತಪ್ರಿಯ
ಅಲ್ಲಿ ಸೋಲಿನ ನಂತರ ಹೊಸ ನಾಯಕ ವಿಲಿಯಂ ಹೇಗ್ ನಾಯಕನ ಆಯ್ಕೆಯ ನಿಯಮ ಬದಲಿಸಿದರು: ಸಂಸದರು ಇಬ್ಬರನ್ನು ಉಳಿಸಬೇಕು, ಸದಸ್ಯರು ಒಬ್ಬರನ್ನು ಆರಿಸಬೇಕು. 2001ರಲ್ಲಿ ಮತ್ತೆ ಸೋತಾಗ ಅದು ಮೊದಲ ಸಲ ಬಳಕೆಗೆ ಬಂತು. ಸಂಸದರ ಕೊನೇ ಸುತ್ತು: ಕೆನ್ ಕ್ಲಾರ್ಕ್ 59, ಡಂಕನ್ ಸ್ಮಿತ್ 54, ಪೋರ್ಟಿಲೋ 53. ಒಂದೇ ಮತದಲ್ಲಿ ಪೋರ್ಟಿಲೋ ಔಟ್. ಸದಸ್ಯರು ಯುರೋಪ್ ಪರ ಇದ್ದ ಕ್ಲಾರ್ಕ್‌ನನ್ನು ಬಿಟ್ಟು ಯುರೋಪಿಯನ್ ಒಕ್ಕೂಟ ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದದ ವಿರುದ್ಧ ಬಂಡೆದ್ದಿದ್ದ ಡಂಕನ್ ಸ್ಮಿತ್‌ಗೆ ಸುಮಾರು 61% ಕೊಟ್ಟರು. ಎರಡು ಸೋಲಿನ ನಂತರವೂ ಬಣ ಗಟ್ಟಿಯಾಯ್ತು, ಯಾಕಂದರೆ ಕೀಲಿ ಸದಸ್ಯರ ಕೈಗೆ ಹೋಗಿತ್ತು. ಎರಡೇ ವರ್ಷಕ್ಕೆ ಸಂಸದರು ಅವರನ್ನು ಇಳಿಸಿದರು, ಅದು ಇನ್ನೊಂದು ಎಳೆಯಲ್ಲಿ ಬರೆಯೋ ವಿಷಯ.

ಮತಗಟ್ಟೆ
ಮಿಲಿಟೆಂಟ್‌ನ ಆ ಇಬ್ಬರು ಸಂಸದರ ಗತಿ ಏನಾಯ್ತು? ಫೀಲ್ಡ್ಸ್, ನೆಲಿಸ್ಟ್.

ಧಾರವಾಡದಂವ
ಇಬ್ಬರೂ 1987ರಾಗನೂ ಲೇಬರ್ ಟಿಕೆಟಿನ ಮ್ಯಾಲೆ ಗೆದ್ರು. ಪೋಲ್ ಟ್ಯಾಕ್ಸ್ (ತಲೆಗಿಷ್ಟು ಅಂತ ಹಾಕಿದ ಸ್ಥಳೀಯ ತೆರಿಗೆ) ಕಟ್ಟೂದಿಲ್ಲ ಅಂತ ಹೇಳಿ ಫೀಲ್ಡ್ಸ್ 1991ರಾಗ 60 ದಿನದ ಜೈಲು ಶಿಕ್ಷೆಗೆ ಒಳಗಾದ್ರು. ಆ ವರ್ಷದ ಕೊನಿಗೆ ಇಬ್ಬರನ್ನೂ ಪಕ್ಷದಿಂದ ಹೊರಗ ಹಾಕಿದ್ರು. 1992ರಾಗ ಸ್ವತಂತ್ರ ನಿಂತು ಸೋತ್ರು. ನೆಲಿಸ್ಟ್ ಮೂರನೇ ಸ್ಥಾನ, ಆದ್ರ ಗೆದ್ದ ಲೇಬರ್ ಅಭ್ಯರ್ಥಿಗೂ ಅವರಿಗೂ ಅಂತರ ಒಂದೂವರೆ ಸಾವಿರ ಮತಕ್ಕಿಂತ ಕಡಿಮಿ. ಕ್ಷೇತ್ರದ ಮಂದಿ ಅವರ ಕೆಲಸಕ್ಕ ಅಷ್ಟು ಬೆಲೆ ಕೊಟ್ಟಿದ್ರು. ಆ ಹೊತ್ತಿಗೆ ಮಿಲಿಟೆಂಟ್ ಗುಂಪೂ ಒಡದಿತ್ತು. ಲೇಬರ್ ಒಳಗ ಇರಬೇಕೋ ಹೊರಗ ಹೋಗಬೇಕೋ ಅನ್ನೂದ ಜಗಳ. ಒಳಗ ಇರಬೇಕು ಅಂದ ಸ್ಥಾಪಕ ಟೆಡ್ ಗ್ರಾಂಟ್ ಅವರನ್ನ ಅವರ ಗುಂಪೇ ಹೊರಗ ಹಾಕಿತು.